ಎದೆಮಟ್ಟ ನೀರಿನಲ್ಲಿ ಕಂಡಕ್ಟರ್

ದಿನಕ್ಕೆ ಆರು ಟ್ರಿಪ್ಪು, ಒಂದೊಂದಕ್ಕೆ ನಾಲ್ಕು ಹೊಳೆ:
ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ.
ಇಪ್ಪತ್ತಮೂರು ವರ್ಷ ನೀರಿನ ಮೇಲೆಯೇ ಹೋಗಿ ಬಂದವನು,
ಹಿಮ್ಮಡಿ ಒದ್ದೆಯಾದದ್ದಿಲ್ಲ.
ಸೇತುವೆ ಬಂತೆಂದರೆ ನನಗೆ ಚಿಲ್ಲರೆ ಎಣಿಸುವ ಹೊತ್ತು.

ಈಗ ಬಲ್ಮಠದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಕ್ಲೋರಿನ್ ವಾಸನೆಯ ಉಗುರುಬೆಚ್ಚಗಿನ ನೀರು.
ಅಳಿಯನ ಬರ್ಮುಡಾ ಚಡ್ಡಿ ಹಾಕಿ
ಸ್ಟೀಲಿನ ಕಂಬಿ ಹಿಡಿದು ನಿಂತಿದ್ದೇನೆ.
ಬಿಡಿ ಅಂದರೆ ಕೈ ಬಿಡುವುದಿಲ್ಲ.
ಬಸ್ಸಿನಲ್ಲಿ ಒಂದು ದಿನ ಕಂಬಿ ಹಿಡಿದವನಲ್ಲ.

ಎಂಆರ್‌ಐ ಫಿಲ್ಮನ್ನು ಡಾಕ್ಟರು ಕಿಟಕಿಗೆ ಹಿಡಿದು
ಪೆನ್ನಿನ ತುದಿಯಿಂದ ತೋರಿಸಿದ್ದರು:
ನಾಲ್ಕು ಮತ್ತು ಐದರ ನಡುವೆ, ನೋಡಿ, ಡಿಸ್ಕ್ ಹೊರಗೆ ಬಂದಿದೆ.
ನೋಡಿದೆ. ಹೌದು.
ಫುಟ್‌ಬೋರ್ಡಿನಲ್ಲಿ ಜೋತ ಕಾಲೇಜು ಹುಡುಗನ ಹಾಗೆ
ಅರ್ಧ ಒಳಗೆ, ಅರ್ಧ ಗಾಳಿಗೆ.
ಮತ್ತೆ ನೋವು? ಅದು ಎಕ್ಸ್‌ಪ್ರೆಸ್.
ಸೊಂಟದಲ್ಲಿ ಹತ್ತಿದರೆ ಎಡಗಾಲಿನ ಕಿರುಬೆರಳಲ್ಲೇ ಇಳಿಯುವುದು,
ನಡುವೆ ಎಲ್ಲಿಯೂ ಸ್ಟಾಪ್ ಇಲ್ಲ.

ರೆನಿಟಾ ಅಂತ ಹುಡುಗಿ, ಬಜ್ಪೆ ಕಡೆಯವಳು,
ನೀರಿನ ಅಂಚಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳುತ್ತಾಳೆ:
ಅಂಕಲ್, ಹೊಕ್ಕುಳನ್ನು ಬೆನ್ನಿನ ಕಡೆಗೆ ಎಳೆದುಕೊಳ್ಳಿ.
ಉಸಿರು ಕಟ್ಟಬೇಡಿ. ಈಗ ನಡೆಯಿರಿ. ಮುಂದೆ ಹೋಗಿ, ಮುಂದೆ.
ನನಗೇ!
ಇಪ್ಪತ್ತಮೂರು ವರ್ಷ ಊರಿಗೆಲ್ಲ
ದುಂಬು ಪೋಲೆ, ದುಂಬು ಪೋಲೆ ಎಂದು
ಗಂಟಲು ಹರಿದುಕೊಂಡವನಿಗೆ.

ಹೋದೆ.
ನೀರು ದಾರಿ ಬಿಡುತ್ತದೆ, ಅವಸರದಲ್ಲಿ ಬಿಡುವುದಿಲ್ಲ.
ಟೈಮಿಂಗ್ ಅಂತ ಅದಕ್ಕೆ ಹೇಳಿ ಉಪಯೋಗವಿಲ್ಲ.
ಪಕ್ಕದಲ್ಲಿ ಉಳ್ಳಾಲದ ಖತೀಜಮ್ಮ,
ನೀಲಿ ನೈಟಿ ಸುತ್ತಲೂ ಉಬ್ಬಿ ಕೊಡೆಯಾಗಿ,
ತಲೆವಸ್ತ್ರ ಒದ್ದೆಯಾಗದ ಹಾಗೆ ಗಲ್ಲ ಎತ್ತಿ
ಹಿಂದೆ ಹಿಂದೆ ನಡೆಯುತ್ತಾರೆ.
ಆಚೆ ಸುಮತಿಯಕ್ಕ,
ಮೂವತ್ತು ವರ್ಷ ಬೀಡಿಯ ಮೊರದ ಮೇಲೆ ಬಾಗಿದ ಬೆನ್ನು,
ಫೋಮಿನ ಕೋಲು ಕಂಕುಳಿಗೆ ಸಿಕ್ಕಿಸಿ ತೇಲುತ್ತಾ
ಇದೊಂದು ಸುಖ ಮಾರಾಯ್ರೆ ಅನ್ನುತ್ತಾರೆ, ಸೀಲಿಂಗಿಗೆ.

ಎದೆಯ ತನಕ ನೀರಿದ್ದರೆ, ಹೇಳಿದಳು ರೆನಿಟಾ,
ನಿಮ್ಮ ಬೆನ್ನಿಗೆ ನೀವು ಕಾಲು ಭಾಗವೇ ಇರುವುದು ಅಂಕಲ್.
ಹಾಗಾದರೆ ನಾನು ಅರ್ಧ ಟಿಕೆಟಿಗೂ ಕಡಿಮೆ.
ತಾಯಂದಿರ ಹತ್ತಿರ ಎಷ್ಟು ಜಗಳ ಮಾಡಿದ್ದೇನೆ,
ಮಗುವಿಗೆ ಆರಾಗಿದೆ, ಏಳಾಗಿದೆ, ಹಲ್ಲು ತೋರಿಸಲಿ ಎಂದು.
ಮಡಿಲಲ್ಲೇ ಕೂತದ್ದಲ್ಲವಾ, ಭಾರ ನಿಮಗಾ ನನಗಾ ಅಂತ
ಯಾರೋ ಒಬ್ಬಳು ಕೇಳಿದ್ದಳು.
ಟಿಕೆಟು ಹರಿದೇ ಕೊಟ್ಟೆ.

ಕಣ್ಣು ಮುಚ್ಚಿ ತೇಲಲು ಹೇಳಿದಾಗ
ಬಂದದ್ದು ಮುಕ್ಕದಲ್ಲಿ ಇಳಿಯುತ್ತಿದ್ದ ಮೀನಿನ ಹೆಂಗಸು.
ಹೆಸರು ಗೊತ್ತಿಲ್ಲ. ಖಾಲಿ ಬುಟ್ಟಿ.
ಒಂದು ಕೈ ಸೊಂಟಕ್ಕೆ, ಒಂದು ಕೈ ಬಾಗಿಲಿಗೆ,
ಮೆಟ್ಟಿಲಿಗೊಂದು ನಿಲುಗಡೆ.
ನಾನು ಬಸ್ಸಿನ ತಗಡಿಗೆ ಬಡಿದು
ಬೇಗ ಬೇಗ, ಹಿಂದೆ ಇನ್ನೊಂದು ಬಸ್ ಉಂಟು ಎಂದೆ.
ಕಡೆಯ ಕಾಲು ನೆಲಕ್ಕೆ ತಾಗುವ ಮೊದಲೇ
ರೈಟ್, ಪೋಯಿ.
ಅವಳು ತಿರುಗಿ ಬೈಯಲಿಲ್ಲ.
ತಿರುಗಲಿಕ್ಕೆ ಆಗುತ್ತಿರಲಿಲ್ಲ ಎಂದು
ನನ್ನ ಸೊಂಟ ಈಗ ಹೇಳುತ್ತದೆ.

ಅರ್ಧ ಗಂಟೆ ಆಯಿತು ಅಂಕಲ್, ಮೇಲೆ ಬನ್ನಿ.
ನಾಲ್ಕೇ ಮೆಟ್ಟಿಲು.
ಮೊದಲನೆಯದರಲ್ಲಿ ಹೊಟ್ಟೆ ಹತ್ತಿತು,
ಎರಡನೆಯದರಲ್ಲಿ ತೊಡೆ,
ಮೂರರಲ್ಲಿ ಎರಡು ತಿಂಗಳ ರಜೆ, ಧಣಿಯ ಫೋನು, ಮನೆ ಬಾಡಿಗೆ.
ನಾಲ್ಕರಲ್ಲಿ ಪೂರ್ತಿ ನಾನು.
ಸೀಟಿಲ್ಲ, ನಿಂತೇ ಬರಬೇಕು.

ಟವಲು ಕೊಡುತ್ತಾ ಅವಳೆಂದಳು:
ಮನೆಯಲ್ಲಿ ಚಾಪೆ ಹಾಕಿ, ಬೋರಲು ಮಲಗಿ, ಎದೆ ಎತ್ತಿ, ಹತ್ತು ಸಲ.
ಬಗ್ಗಿ ಕೊಡಪಾನ ಎತ್ತಬೇಡಿ.
ಗುರುವಾರ ಪುನಃ.

ಹೊರಗೆ ಸ್ಟಾಪಿನಲ್ಲಿ ಸಿಟಿ ಬಸ್ಸು ಗುರುಗುಟ್ಟುತ್ತಿತ್ತು.
ಎಳೆಯ ಕಂಡಕ್ಟರ್, ವಿಸಿಲು ಹಲ್ಲಲ್ಲಿ.
ಒಂದು ಕೈ ಸೊಂಟಕ್ಕೆ, ಒಂದು ಕೈ ಬಾಗಿಲಿಗೆ.
ತಗಡಿಗೆ ಬಡಿಯಲು ಅವನು ಎತ್ತಿದ ಕೈ ಏನಾಯಿತೋ,
ನಾನು ನೋಡಲಿಲ್ಲ.
ಹತ್ತುತ್ತಿದ್ದೆ.